ಟಾರ್ಚ್ ಮೊಬೈಲಿನೊಳಗಿನ ಹಾವು

ನಿಮ್ಮ ಮನೆಯಲ್ಲಿ ಎಂದಾದರೂ ಹಾವು ಸಾಕಿದ್ದಿರಾ ಎಂದು ಕೇಳಿದರೆ ನೀವು ಥಟ್ಟನೆ ‘ತೌಬಾ ತೌಬಾ’ ಎಂದೀರಿ. ಆದರೆ ಕೊಂಚ ನೆನಪಿಸಿಕೊಳ್ಳಿ, ಸಹೋದರಿ. 2003-04ರ ಸುಮಾರಿಗೆ ನಿಮ್ಮ ಯಜಮಾನರೋ ಅಣ್ಣನೋ ಮನೆಗೆ ತಂದ ಮೊದಲ ಮೊಬೈಲ್ ಸೆಟ್ ಹೇಗಿತ್ತು? ನೆತ್ತಿಯ ಮೇಲೆ ಪುಟ್ಟ ಟಾರ್ಚ್, ರಬ್ಬರಿನ ಹೊದಿಕೆಯ ಗುಂಡಿಗಳು, ಅಂಚೆ ಚೀಟಿಗಿಂತ ತುಸು ದೊಡ್ಡ ಪರದೆ. ಮೆನು ಒತ್ತುತ್ತ ಹೋದರೆ ಒಂದು ಕಡೆ ‘ಗೇಮ್ಸ್’ ಎಂದು ಬರುತ್ತಿತ್ತು. ಅದರೊಳಗೆ ಸುರುಳಿ ಸುತ್ತಿಕೊಂಡು ಕಾಯುತ್ತಿತ್ತು ನಮ್ಮ ಹಾವು.

ಹಾವೆಂದರೆ ಎಂಥ ಹಾವು? ಹಸಿರು ಬೆಳಕಿನ ಮೇಲೆ ಕೆಲವೇ ಕಪ್ಪು ಚುಕ್ಕಿಗಳ ಸಾಲು. ಬಣ್ಣವಿಲ್ಲ, ಹಾಡಿಲ್ಲ, ಕಥೆಯಿಲ್ಲ. ಎರಡು ಒತ್ತಿದರೆ ಮೇಲೆ, ಎಂಟು ಒತ್ತಿದರೆ ಕೆಳಗೆ, ನಾಲ್ಕು ಎಡಕ್ಕೆ, ಆರು ಬಲಕ್ಕೆ. ಒಂದು ಕಾಳು ತಿಂದರೆ ಒಂದು ಚುಕ್ಕಿ ಉದ್ದ. ಗೋಡೆಗೋ ತನ್ನದೇ ಬಾಲಕ್ಕೋ ತಗುಲಿದರೆ ಸಾವು. ಇಷ್ಟನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಬಹುದು. ಆದರೂ ಈ ಬಡ ಹಾವನ್ನು ಜನ ಮರೆತಿಲ್ಲ. ಲಕ್ಷಾಂತರ ರೂಪಾಯಿ ಸುರಿದು ಮಾಡಿದ ಎಷ್ಟೋ ಆಟಗಳು ಬಂದವು, ಹೋದವು. ಹಾವು ಮಾತ್ರ ಫೋನಿನಿಂದ ಫೋನಿಗೆ ದಾಟುತ್ತ ಇಂದಿಗೂ ಉಳಿದಿದೆ. ಯಾಕಿರಬಹುದು? ಮಕ್ಕಳ ಕೈಯಿಂದ ಮೊಬೈಲ್ ಕಿತ್ತುಕೊಳ್ಳುವುದೇ ದಿನದ ದೊಡ್ಡ ಜಗಳವಾಗಿರುವ ಈ ಕಾಲದಲ್ಲಿ ತಾಯಂದಿರು ಒಮ್ಮೆ ಯೋಚಿಸಬೇಕಾದ ಪ್ರಶ್ನೆ ಇದು.

ಫಿನ್‌ಲೆಂಡಿನಲ್ಲಿ ಹುಟ್ಟಿ ಹರಿಹರಕ್ಕೆ ಬಂದದ್ದು

ಮೊಬೈಲಿನ ಹಾವು ಹುಟ್ಟಿದ್ದು 1997ರಲ್ಲಿ, ನೋಕಿಯಾ 6110 ಎಂಬ ಸೆಟ್ಟಿನಲ್ಲಿ. ಅದೇ ವರ್ಷ ಆಗಸ್ಟ್ 15ರಂದು ದಾವಣಗೆರೆ ಪ್ರತ್ಯೇಕ ಜಿಲ್ಲೆಯಾಯಿತು, ಚಿತ್ರದುರ್ಗ ಜಿಲ್ಲೆಯಲ್ಲಿದ್ದ ಹರಿಹರವೂ ಇದರೊಳಗೆ ಸೇರಿತು. ಅಂದರೆ ಜಿಲ್ಲೆಗೂ ಹಾವಿಗೂ ಒಂದೇ ವಯಸ್ಸು. ಆ ವರ್ಷ ಹುಟ್ಟಿದ ಹೆಣ್ಣುಮಕ್ಕಳು ಈಗ ತಾಯಂದಿರಾಗಿದ್ದಾರೆ.

ಹಾವನ್ನು ಮೊಬೈಲಿಗೆ ತಂದವರು ಫಿನ್‌ಲೆಂಡಿನ ತಾನೆಲಿ ಅರ್ಮಾಂಟೊ ಎಂಬ ಎಂಜಿನಿಯರ್. ಫೋನಿನಲ್ಲಿ ಹಾಕಲು ಒಂದೆರಡು ಆಟ ಮಾಡಿಕೊಡು ಎಂದು ಕಂಪೆನಿ ಅವರಿಗೆ ಹೇಳಿತ್ತು. ಮೊದಲು ಟೆಟ್ರಿಸ್ ಎಂಬ ಇಟ್ಟಿಗೆ ಜೋಡಿಸುವ ಆಟದ ಯೋಚನೆ ಇತ್ತು. ಅದರ ಹಕ್ಕಿನ ದುಡ್ಡಿನ ಮಾತು ಕೂಡಿಬರಲಿಲ್ಲ. ಆಗ ಅರ್ಮಾಂಟೊ ತಾವು ಹಿಂದೆ ಗೆಳೆಯನೊಂದಿಗೆ ಕಂಪ್ಯೂಟರಿನಲ್ಲಿ ಆಡುತ್ತಿದ್ದ ಹಾವಿನ ಆಟವನ್ನೇ ಚಿಕ್ಕದು ಮಾಡಿ ಫೋನಿಗೆ ಹೊಂದಿಸಿದರು. ಆ ಆಟದ ಮೂಲ ಇನ್ನೂ ಹಿಂದಿನದು. 1976ರಲ್ಲಿ ಅಮೆರಿಕದ ಗ್ರೆಮ್ಲಿನ್ ಎಂಬ ಕಂಪೆನಿ ‘ಬ್ಲಾಕೇಡ್’ ಎಂಬ ಯಂತ್ರವನ್ನು ಅಂಗಡಿಗಳಲ್ಲಿ ಇಟ್ಟಿತ್ತು. ಅದರಲ್ಲಿ ಇಬ್ಬರು ಆಟಗಾರರು ತಲಾ ಒಂದು ಗೆರೆ ಎಳೆಯುತ್ತ ಹೋಗಬೇಕು, ಯಾರು ಮೊದಲು ಗೆರೆಗೆ ಡಿಕ್ಕಿ ಹೊಡೆಯುತ್ತಾರೋ ಅವರು ಸೋತಂತೆ. ಆ ಗೆರೆಯೇ ಮುಂದೆ ಹಾವಾಯಿತು.

ಅರ್ಮಾಂಟೊ ಹೇಳಿರುವ ಒಂದು ಸಂಗತಿ ನನಗೆ ಬಹಳ ಹಿಡಿಸಿತು. ಫೋನಿನ ಗುಂಡಿಗಳು ಆಟಕ್ಕೆಂದು ಮಾಡಿದವಲ್ಲ. ಹಾವಿನ ವೇಗ ಹೆಚ್ಚಿದಾಗ ಬೆರಳು ತಡವಾಗುತ್ತದೆ, ಪಾಪದ ಹಾವು ಗೋಡೆಗೆ ಹೊಡೆದು ಸಾಯುತ್ತದೆ. ಅದಕ್ಕಾಗಿ ಹಾವು ಗೋಡೆ ಮುಟ್ಟುವ ಮುನ್ನ ಕಣ್ಣಿಗೆ ಕಾಣದಷ್ಟು ಸಣ್ಣ ಬಿಡುವನ್ನು ಅವರು ಆಟದೊಳಗೆ ಸೇರಿಸಿದರು. ಸೆಕೆಂಡಿನ ಸಾವಿರದಲ್ಲಿ ಕೆಲವೇ ಪಾಲು. ‘ಅಬ್ಬಾ, ಕೂದಲೆಳೆಯಲ್ಲಿ ತಪ್ಪಿಸಿಕೊಂಡೆ’ ಎಂದು ನೀವು ಎಷ್ಟೋ ಸಲ ಉಸಿರು ಬಿಟ್ಟಿರಲ್ಲ, ಅದು ಬರೀ ನಿಮ್ಮ ಕೈಚಳಕವಲ್ಲ. ಆಟ ಮಾಡಿದವನು ನಿಮಗಾಗಿ ಅಡಗಿಸಿಟ್ಟ ದಯೆಯೂ ಅದರಲ್ಲಿತ್ತು.

ಆದರೆ 1997ರ ಆ ಸೆಟ್ಟು ನಮ್ಮ ಕಡೆಯ ಜನಕ್ಕೆ ನಿಲುಕುವಂಥದ್ದಾಗಿರಲಿಲ್ಲ. ಮೊಬೈಲ್ ಎಂದರೆ ದೊಡ್ಡ ವ್ಯಾಪಾರಿಗಳ ಸೊಂಟದ ಅಲಂಕಾರ. ಉಳಿದವರಿಗೆ ಎಸ್‌ಟಿಡಿ ಬೂತ್, ಇಲ್ಲವೇ ಕಿರಾಣಿ ಅಂಗಡಿಯ ಒಂದು ರೂಪಾಯಿಯ ಕಾಯಿನ್ ಬಾಕ್ಸ್. 2002ರ ಅಕ್ಟೋಬರಿನಲ್ಲಿ ಬಿಎಸ್‌ಎನ್‌ಎಲ್ ಮೊಬೈಲ್ ಸೇವೆ ಶುರುವಾಯಿತು. 2003ರ ಮೇ ತಿಂಗಳಿಂದ ಒಳಬರುವ ಕರೆ ಉಚಿತವಾಯಿತು. ಅದೇ ವರ್ಷ ನೋಕಿಯಾ 1100 ಬಂತು. ಅದೇ ನಮ್ಮ ಟಾರ್ಚ್ ಮೊಬೈಲ್. ಭಾರತದಂಥ ದೇಶಗಳನ್ನು ಗಮನದಲ್ಲಿಟ್ಟುಕೊಂಡು ಅದನ್ನು ಮಾಡಲಾಗಿತ್ತು: ಧೂಳು ಹಿಡಿಯದ ಗುಂಡಿ, ಬೆವರಿದ ಕೈಯಿಂದ ಜಾರದ ಮೈ, ಕರೆಂಟು ಹೋದರೆ ಟಾರ್ಚು. ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ಬೆಂಕಿಯ ಮುಂದೆ ದುಡಿಯುವವರಿಗೆ, ಲಾರಿ ಗ್ಯಾರೇಜಿನ ಎಣ್ಣೆಗೈಗಳಿಗೆ ಅಳತೆ ತೆಗೆದು ಹೊಲಿದ ಅಂಗಿಯಂತಿತ್ತು ಅದು. ಜಗತ್ತಿನಲ್ಲಿ 25 ಕೋಟಿಗೂ ಹೆಚ್ಚು ಮಾರಾಟವಾಯಿತು. 2005ರಲ್ಲಿ ನೋಕಿಯಾ ತನ್ನ ನೂರು ಕೋಟಿಯ ಫೋನ್ ಮಾರಿದಾಗ ಅದೂ 1100 ಆಗಿತ್ತು, ಮಾರಾಟವಾದದ್ದು ನೈಜೀರಿಯಾದಲ್ಲಿ.

ಸೆಟ್ಟಿನ ಜೊತೆ ಹಾವೂ ಬಂತು. ಕರೆನ್ಸಿ ಹಾಕಿಸಿದರೆ ಎರಡು ಮಾತಿನಲ್ಲಿ ಮುಗಿದುಹೋಗುತ್ತಿದ್ದ ಕಾಲ ಅದು. ಹರಿಹರದಿಂದ ದಾವಣಗೆರೆಯ ತವರಿಗೆ ಒಂದು ಮಿಸ್ ಕಾಲ್ ಕೊಟ್ಟರೆ ‘ಬಸ್ಸು ಹತ್ತಿದೆ’, ಎರಡು ಕೊಟ್ಟರೆ ‘ತಲುಪಿದೆ’ ಎಂದು ಮೊದಲೇ ಮಾತಾಡಿಕೊಂಡಿರುತ್ತಿದ್ದೆವು. ಮಾತಿಗೆ ದುಡ್ಡು, ಮೆಸೇಜಿಗೆ ದುಡ್ಡು, ಇನ್ನೊಬ್ಬರ ಹಾಡನ್ನು ರಿಂಗ್‌ಟೋನ್ ಮಾಡಿಕೊಳ್ಳಲೂ ದುಡ್ಡು. ಇಡೀ ಫೋನಿನಲ್ಲಿ ಎಷ್ಟು ಬಳಸಿದರೂ ಪೈಸೆ ಕೇಳದೆ ಇದ್ದವು ಎರಡೇ, ಟಾರ್ಚು ಮತ್ತು ಹಾವು.

ಹೆಂಗಸರ ಕೈಗೆ ಸಿಕ್ಕ ಮೊದಲ ಆಟ

ಇಲ್ಲಿ ಒಂದು ಮಾತು ಹೇಳಲೇಬೇಕು. ಹಾವಿನ ಆಟಕ್ಕಿಂತ ಮೊದಲೂ ನಮ್ಮ ಊರುಗಳಲ್ಲಿ ವಿಡಿಯೋ ಗೇಮ್ ಇತ್ತು. ಆದರೆ ಅದು ಪೇಟೆಯ ಅಂಗಡಿಯೊಳಗಿತ್ತು. ಈದಿಯ ದುಡ್ಡು ಜೇಬಿಗೆ ಬಿದ್ದ ಕೂಡಲೇ ಗಂಡುಹುಡುಗರು ಅತ್ತ ಓಡುತ್ತಿದ್ದರು. ಹೆಣ್ಣುಮಕ್ಕಳು ಆ ಬಾಗಿಲ ಮುಂದೆ ನಿಂತು ನೋಡುವುದೂ ಇರಲಿಲ್ಲ. ತಮ್ಮ ಮನೆಗೆ ಬಂದು ಕೈ ಬೀಸಿ ಬೀಸಿ ಹೇಳಿದ್ದನ್ನು ಕೇಳಿ ಆಟ ಹೇಗಿರಬಹುದೆಂದು ಊಹಿಸಿಕೊಳ್ಳಬೇಕಿತ್ತು, ಅಷ್ಟೆ.

ಇದು ನಮ್ಮ ಊರಿನ ಮಾತಷ್ಟೇ ಅಲ್ಲ. ಜಪಾನಿನಲ್ಲೂ ಹಾಗೇ ಇತ್ತು. ಅಲ್ಲಿನ ಆಟದಂಗಡಿಗಳಲ್ಲಿ ಬರೀ ಗಂಡಸರು, ಬರೀ ಗುಂಡು ಹಾರಿಸುವ ಆಟಗಳು. ಅದನ್ನು ಕಂಡ ತೋರು ಇವಾತಾನಿ ಎಂಬ ಯುವಕ, ಹೆಂಗಸರೂ ಆಡುವಂಥದ್ದನ್ನು ಮಾಡಬೇಕೆಂದು ಯೋಚಿಸಿ ಕೊಲ್ಲುವುದರ ಬದಲು ತಿನ್ನುವುದನ್ನೇ ಆಟವಾಗಿಸಿದ. ಒಂದು ತುಂಡು ತೆಗೆದ ಪಿಜ್ಜಾದಂಥ ಹಳದಿ ಬಾಯಿ, ಅದರ ಹೆಸರು ಪ್ಯಾಕ್‌ಮನ್. 1980ರಲ್ಲಿ ನಾಮ್ಕೋ ಕಂಪೆನಿ ಅದನ್ನು ಹೊರತಂದಿತು. ಇವಾತಾನಿ ಹೆಂಗಸರನ್ನು ಅಂಗಡಿಗೆ ಕರೆತರಲು ನೋಡಿದ. ನಮ್ಮಲ್ಲಿ ನಡೆದದ್ದು ಅದಕ್ಕಿಂತ ಸರಳ: ಆಟವೇ ಮನೆಗೆ ಬಂತು, ಯಾರ ಅನುಮತಿಯನ್ನೂ ಕೇಳದೆ, ಫೋನಿನ ಹೊಟ್ಟೆಯಲ್ಲಿ ಕುಳಿತು.

ಎಷ್ಟು ಮನೆಗಳಲ್ಲಿ ಹೀಗಾಗಿಲ್ಲ ಹೇಳಿ! ಮನೆಗೆಲ್ಲ ಒಂದೇ ಸೆಟ್ಟು. ಹಗಲಿಡೀ ಅದು ಗಂಡಸರ ಜೇಬಿನಲ್ಲಿ. ರಾತ್ರಿ ಊಟವಾದ ಮೇಲೆ ಅದು ಚಾರ್ಜಿಗೆ ಬೀಳುವ ಹೊತ್ತಿಗೆ ಮಕ್ಕಳ ಸರದಿ, ಮಕ್ಕಳು ಮಲಗಿದ ಮೇಲೆ ಅಮ್ಮಿಯ ಸರದಿ. ಕುಕ್ಕರ್ ಮೂರು ವಿಷಲ್ ಹೊಡೆಯುವುದರೊಳಗೆ ಒಂದು ಆಟ. ಇಫ್ತಾರಿಗೆ ಎಲ್ಲ ಸಿದ್ಧ ಮಾಡಿಟ್ಟು ಅಜಾನಿಗೆ ಕಾಯುವ ಹತ್ತು ನಿಮಿಷದಲ್ಲಿ ಒಂದು ಆಟ. ಹರಿಹರದಿಂದ ದಾವಣಗೆರೆಗೆ ಕಾಲೇಜಿಗೆ ಬರುವ ಹುಡುಗಿಯರಿಗೆ ಆ 14 ಕಿ.ಮೀ. ಬಸ್ಸಿನ ದಾರಿ ಎಂದರೆ ನಾಲ್ಕೈದು ಹಾವುಗಳ ಆಯುಷ್ಯ. ಫೋನಿನಲ್ಲಿ ಉಳಿಯುತ್ತಿದ್ದುದು ಒಂದೇ ಒಂದು ‘ಟಾಪ್ ಸ್ಕೋರ್’, ಅದರ ಮುಂದೆ ಯಾರ ಹೆಸರೂ ಇರುತ್ತಿರಲಿಲ್ಲ. ಅದು ತನ್ನದೇ ಎಂದು ಮಗ, ಇಲ್ಲ ತನ್ನದು ಎಂದು ಮಗಳು ಜಗಳವಾಡುವಾಗ ಮೂಲೆಯಲ್ಲಿ ಬಟ್ಟೆ ಮಡಚುತ್ತಿದ್ದ ಅಮ್ಮಿ ಸುಮ್ಮನೆ ನಗುತ್ತಿದ್ದಳು. ಆ ಅಂಕಿಯನ್ನು ಮುಟ್ಟಿದ್ದು ಅವಳ ಹೆಬ್ಬೆರಳು. ಹೇಳಿಕೊಳ್ಳಲು ನಾಚಿಕೆ.

‘ಹೊತ್ತು ಹಾಳು ಮಾಡುವ ಆಟ’ ಎಂದು ಬೈದ ಹಿರಿಯರೂ ಇದ್ದರು. ಅವರ ಮಾತು ಪೂರಾ ಸುಳ್ಳೆನ್ನಲಾರೆ. ಈ ಹಾವೂ ‘ಇನ್ನೊಂದೇ ಒಂದು ಸಲ’ ಎಂದು ಕರೆಯುತ್ತಿತ್ತು. ಹೆಬ್ಬೆರಳು ನೋವು ಬರುವವರೆಗೆ ಆಡಿದವರಿದ್ದಾರೆ, ಒಲೆಯ ಮೇಲಿನ ಹಾಲು ಉಕ್ಕಿಸಿದವರಿದ್ದಾರೆ. ಆದರೆ ಈ ಹಾವು ಯಾರ ಮನೆಯ ಶಾಲಾ ಫೀಸನ್ನೂ ನುಂಗಲಿಲ್ಲ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು.

ಒಂದು ಚುಕ್ಕಿ ಮುಂದೆ, ಒಂದು ಚುಕ್ಕಿ ಹಿಂದೆ

ಈ ಹಾವು ಹರಿಯುವ ಗುಟ್ಟು ನಿಮಗೆ ಗೊತ್ತೇ? ಪರದೆಯ ಮೇಲೆ ಅದು ನಿಜಕ್ಕೂ ಚಲಿಸುವುದೇ ಇಲ್ಲ. ಪರದೆಯನ್ನು ಮಕ್ಕಳ ಲೆಕ್ಕದ ಪುಸ್ತಕದ ಚೌಕಗಳಂತೆ ಭಾವಿಸಿ. ಐದು ಚೌಕಗಳಿಗೆ ಕಪ್ಪು ಹಚ್ಚಿದರೆ ಅದು ಹಾವು. ತಲೆಯ ಮುಂದಿನ ಒಂದು ಚೌಕಕ್ಕೆ ಕಪ್ಪು ಹಚ್ಚಿ, ಬಾಲದ ತುದಿಯ ಒಂದು ಚೌಕವನ್ನು ಅಳಿಸಿಬಿಡಿ. ನಡುವಿನ ಚೌಕಗಳು ಇದ್ದಲ್ಲೇ ಇವೆ, ಆದರೆ ನೋಡುವವರ ಕಣ್ಣಿಗೆ ಹಾವು ಒಂದು ಹೆಜ್ಜೆ ಹರಿದಂತೆ. ಕಾಳು ತಿಂದಾಗ ಏನಾಗುತ್ತದೆ? ತಲೆಯ ಮುಂದೆ ಕಪ್ಪು ಬೀಳುತ್ತದೆ, ಆ ಒಂದು ಸಲ ಮಾತ್ರ ಬಾಲ ಅಳಿಯುವುದಿಲ್ಲ. ಹಾವು ಉದ್ದವಾಯಿತು. ಕಂಪ್ಯೂಟರ್ ಕಲಿಯುವ ಮಕ್ಕಳಿಗೆ ಇಂದಿಗೂ ಹಾವಿನ ಆಟ ಬರೆಯುವುದನ್ನು ಮೊದಲ ಪಾಠಗಳಲ್ಲಿ ಒಂದಾಗಿ ಕೊಡುವುದು ಇದಕ್ಕಾಗಿಯೇ. ನಿಮ್ಮ ಮಗಳು ಎಂಜಿನಿಯರಿಂಗ್ ಓದುತ್ತಿದ್ದರೆ ಕೇಳಿ ನೋಡಿ.

ಇದು ಕಣ್ಣಿನ ಗುಟ್ಟಾಯಿತು. ಮನಸ್ಸನ್ನು ಹಿಡಿಯುವ ಗುಟ್ಟು ಬೇರೆ. ಹಾವು-ಏಣಿ ಆಟ ನಮ್ಮ ನೆಲದಲ್ಲೇ ಹುಟ್ಟಿ ಬ್ರಿಟಿಷರ ಮೂಲಕ ಲೋಕವೆಲ್ಲ ಸುತ್ತಿದ ಆಟ. ಅದರಲ್ಲಿ ಹಾವು ನಮ್ಮನ್ನು ನುಂಗುತ್ತದೆ, ತೊಂಬತ್ತೊಂಬತ್ತರಿಂದ ಕೆಳಗೆ ತಳ್ಳುತ್ತದೆ. ದಾಳ ಬಿದ್ದಂತೆ ನಡೆಯುವುದು ಬಿಟ್ಟು ನಮಗೇನೂ ಕೆಲಸವಿಲ್ಲ. ನೋಕಿಯಾದ ಆಟದಲ್ಲಿ ನಾವೇ ಹಾವು. ಎದುರಾಳಿ ಇಲ್ಲ, ದಾಳ ಇಲ್ಲ, ಅದೃಷ್ಟವನ್ನು ಬೈಯುವ ಹಾಗಿಲ್ಲ. ತಿಂದಷ್ಟೂ ಮೈ ಬೆಳೆಯುತ್ತದೆ, ಮೈ ಬೆಳೆದಷ್ಟೂ ಜಾಗ ಕಡಿಮೆಯಾಗುತ್ತದೆ, ಕೊನೆಗೆ ಅಡ್ಡ ಬರುವುದು ನಮ್ಮದೇ ಬಾಲ. ಎಲ್ಲಿ ತಪ್ಪಿದೆ ಎಂಬುದು ಆಡಿದವರಿಗೆ ಚೆನ್ನಾಗಿ ಗೊತ್ತಾಗುತ್ತದೆ. ಎಂಟು ವರ್ಷದ ಮಗುವೂ ‘ನಾನೇ ಬೇಗ ತಿರುಗಿಬಿಟ್ಟೆ’ ಎನ್ನುತ್ತದೆ.

ಪಳಗಿದವರ ಉಪಾಯವೂ ಇತ್ತು. ಆಸೆ ಬಿದ್ದು ಕಾಳಿನ ಕಡೆಗೆ ನೇರ ಓಡಬಾರದು. ಹೊಲದಲ್ಲಿ ನೇಗಿಲು ಹೊಡೆದಂತೆ ಈ ತುದಿಯಿಂದ ಆ ತುದಿಗೆ ಸಾಲು ಹಿಡಿದು ಹೋಗಬೇಕು, ಮೈಯನ್ನು ಒತ್ತೊತ್ತಾಗಿ ಮಡಚಬೇಕು, ಹಿಂದಿರುಗಲು ಒಂದು ಅಂಚನ್ನು ಯಾವಾಗಲೂ ಖಾಲಿ ಬಿಟ್ಟಿರಬೇಕು. ಸೀರೆಯ ನೆರಿಗೆ ಹಿಡಿಯಬಲ್ಲವರಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ! 2000ರಲ್ಲಿ ಬಂದ ನೋಕಿಯಾ 3310ರ ‘ಸ್ನೇಕ್ 2’ ಹಾವಿಗೆ ಬಾಯಿ, ಮುಖ ಬಂದವು. ಗೋಡೆಯಿಲ್ಲದ ಮೈದಾನದಲ್ಲಿ ಈ ಬದಿಯಿಂದ ಹೊರಟ ಹಾವು ಆ ಬದಿಯಿಂದ ಒಳಬರುತ್ತಿತ್ತು. ಆಗಾಗ ಒಂದು ಹುಳ ಕಾಣಿಸಿಕೊಂಡು, ಎಣಿಕೆ ಮುಗಿಯುವುದರೊಳಗೆ ತಿನ್ನದಿದ್ದರೆ ಮಾಯವಾಗುತ್ತಿತ್ತು. ಟಾರ್ಚ್ ಮೊಬೈಲಿನಲ್ಲಿದ್ದದ್ದೂ ಇದೇ ತಳಿಯ ಹಾವು.

ಮುಗಿಯದ ಆಟಗಳು

ಇತ್ತೀಚೆಗೆ ನನ್ನ ತಂಗಿಯ ಮಗನ ಕೈಗೆ ಅವನ ನಾನಿಯ ಬಟನ್ ಫೋನ್ ಕೊಟ್ಟು ಹಾವಿನ ಆಟ ತೆರೆದುಕೊಟ್ಟೆ. ಮೊದಲು ಪರದೆಯನ್ನು ಬೆರಳಿನಿಂದ ತೀಡಿದ, ಹಾವು ಕದಲಲಿಲ್ಲ. ಗುಂಡಿ ತೋರಿಸಿದೆ. ಎರಡು ನಿಮಿಷದಲ್ಲಿ ಗೋಡೆಗೆ ಹೊಡೆದು ಸತ್ತ. ಫೋನನ್ನು ಹಾಗೇ ಹಿಡಿದು ಏನನ್ನೋ ಕಾಯುತ್ತ ಕುಳಿತ. ಏನಾಯ್ತಪ್ಪಾ ಎಂದರೆ, ‘ಖಾಲಾ, ಜಾಹೀರಾತು ಯಾಕೆ ಬರ್ತಾ ಇಲ್ಲ?’ ಎಂದ.

ನಗು ಬಂತು ನಿಜ. ಆದರೆ ಆ ಹುಡುಗ ಒಂದೇ ಮಾತಿನಲ್ಲಿ ಎರಡು ಕಾಲದ ವ್ಯತ್ಯಾಸವನ್ನು ಹೇಳಿಬಿಟ್ಟಿದ್ದ. ಈಗಿನ ಬಹಳಷ್ಟು ಆಟಗಳಲ್ಲಿ ಸೋಲು ಎಂಬುದು ಆಟದ ಕೊನೆಯಲ್ಲ, ಅಲ್ಲಿಂದಲೇ ವ್ಯಾಪಾರ ಶುರು. ಮೂವತ್ತು ಸೆಕೆಂಡು ಜಾಹೀರಾತು ನೋಡಿದರೆ ಇನ್ನೊಂದು ಜೀವ. ಇಷ್ಟು ರೂಪಾಯಿ ಕೊಟ್ಟರೆ ಹೊಸ ಅಂಗಿ, ಹೊಸ ಬಂದೂಕು. ದಿನಾ ಬಂದು ಮುಖ ತೋರಿಸಿದರೆ ಬಹುಮಾನ, ಒಂದು ದಿನ ತಪ್ಪಿಸಿದರೆ ಸಂಗ್ರಹಿಸಿದ್ದು ನಷ್ಟ. ಮಗು ಆಟ ಬಿಟ್ಟು ಊಟಕ್ಕೆ ಕುಳಿತರೂ ಫೋನು ‘ಟಿಣ್’ ಎಂದು ಕರೆಯುತ್ತದೆ. ಹಾವೇ ಹೊಸ ವೇಷದಲ್ಲಿ ಬಂದಿರುವುದೂ ಉಂಟು. 2016ರಲ್ಲಿ ಬಂದ ‘ಸ್ಲಿದರ್’ ಎಂಬ ಆಟದಲ್ಲಿ ಇಂಟರ್ನೆಟ್ಟಿನ ಮೂಲಕ ಊರೂರಿನ ಜನ ಒಂದೇ ಮೈದಾನದಲ್ಲಿ ಬಣ್ಣಬಣ್ಣದ ಹಾವುಗಳಾಗಿ ಹರಿಯುತ್ತಾರೆ. ಚೆಂದದ ಆಟವೇ. ಆದರೆ ಗಮನಿಸಿ, ಅಲ್ಲಿ ಹಾವು ತನ್ನ ಬಾಲಕ್ಕೆ ತಗುಲಿದರೆ ಸಾಯುವುದಿಲ್ಲ, ಬೇರೆ ಹಾವಿಗೆ ತಗುಲಿದರೆ ಸಾಯುತ್ತದೆ. ತಪ್ಪು ಯಾವಾಗಲೂ ಇನ್ನೊಬ್ಬರದು! ಮೈದಾನಕ್ಕೆ ತುಂಬುವ ಗೊಡವೆಯಿಲ್ಲ, ಆದ್ದರಿಂದ ಮುಗಿಯುವ ಗೊಡವೆಯೂ ಇಲ್ಲ.

ಹಳೆಯ ಹಾವಿನ ಹಿರಿಮೆ ನನಗೆ ಕಾಣುವುದು ಇಲ್ಲೇ. ಅದಕ್ಕೆ ನಿಲ್ಲುವುದು ಗೊತ್ತಿತ್ತು. ಚೆನ್ನಾಗಿ ಆಡಿದಷ್ಟೂ ಕೊನೆ ಹತ್ತಿರ. ಪರದೆ ತುಂಬಿದರೆ ಗೆದ್ದವರೂ ಏಳಲೇಬೇಕು. ಸತ್ತ ಮೇಲೆ ಒಂದು ಅಂಕಿ ತೋರಿಸಿ ಸುಮ್ಮನಾಗುತ್ತಿತ್ತು. ನಾಳೆ ಬಾ ಎನ್ನುತ್ತಿರಲಿಲ್ಲ, ನಿನ್ನೆ ಯಾಕೆ ಬರಲಿಲ್ಲ ಎಂದು ಕೇಳುತ್ತಿರಲಿಲ್ಲ. ಆರು ತಿಂಗಳು ಬಿಟ್ಟು ತೆರೆದರೂ ಅದೇ ಐದಾರು ಚುಕ್ಕಿಯ ಹಾವು, ಅದೇ ಕಾಳು. ಅದು ನಮ್ಮ ಬಗ್ಗೆ ಏನನ್ನೂ ತಿಳಿದುಕೊಳ್ಳಲಿಲ್ಲ, ಯಾರಿಗೂ ಏನನ್ನೂ ಹೇಳಲಿಲ್ಲ. ಅದಕ್ಕೇ ಇರಬೇಕು, ಅದರ ನೆನಪಿನಲ್ಲಿ ಕಹಿ ಇಲ್ಲ.

ಕಹಿ ಇರುವ ಕಥೆಗಳನ್ನು ನೀವೂ ಕೇಳಿರುತ್ತೀರಿ. ಲಾಕ್‌ಡೌನಿನಲ್ಲಿ ಆನ್‌ಲೈನ್ ಕ್ಲಾಸಿಗೆಂದು ಸಾಲ ಮಾಡಿ ಕೊಡಿಸಿದ ಸ್ಮಾರ್ಟ್‌ಫೋನು. ಮಗನಿಗೆ ಅಬ್ಬಾನ ಯುಪಿಐ ಪಿನ್ ಗೊತ್ತು, ಯಾಕೆಂದರೆ ಅಂಗಡಿಗೆ ಹೋದಾಗ ಅವನೇ ಒತ್ತಿಕೊಡುತ್ತಿದ್ದ. ಐವತ್ತು, ಎಂಬತ್ತು, ನೂರು ಎಂದು ಆಟದೊಳಗಿನ ‘ಡೈಮಂಡ್’ಗೆ ಹೋದ ದುಡ್ಡು ಬ್ಯಾಂಕಿನಲ್ಲಿ ಪಾಸ್‌ಬುಕ್ ಮುದ್ರಿಸಿದಾಗಷ್ಟೇ ಬೆಳಕಿಗೆ ಬರುತ್ತದೆ. ಬೀಡಿ ಕಟ್ಟಿ ಕೂಡಿಟ್ಟ ತಾಯಿಗೆ ಆ ಸಾಲುಗಳನ್ನು ಓದಿ ಹೇಳುವವರು ಯಾರು? ಹೇಳಿದರೂ, ಕಣ್ಣಿಗೆ ಕಾಣದ ವಜ್ರವನ್ನು ಕೊಂಡದ್ದು ಹೇಗೆಂದು ಅವಳಿಗೆ ಅರ್ಥ ಮಾಡಿಸುವುದು ಹೇಗೆ?

ದುಡ್ಡು ಪಣಕ್ಕಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು ಕರ್ನಾಟಕ ಸರಕಾರ 2021ರಲ್ಲಿ ತಂದ ತಿದ್ದುಪಡಿಯನ್ನು ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದುಪಡಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತು ಇಡೀ ದೇಶಕ್ಕೆ ಅನ್ವಯಿಸುವಂತೆ ಅಂಥ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿತು. ಆದರೆ ಪಣವಿಲ್ಲದ, ಒಳಗೆ ಅಂಗಡಿ ಇಟ್ಟುಕೊಂಡ ಆಟಗಳ ಮಾತು ಬೇರೆ. ಅದಕ್ಕೆ ಕಾಯಿದೆಗಿಂತ ಮೊದಲು ಮನೆಯವರ ಕಣ್ಣು ಬೇಕು. ಪಿನ್ ಮಕ್ಕಳಿಗೆ ಕೊಡಬೇಡಿ, ಎಷ್ಟೇ ಜಾಣನಾಗಿರಲಿ. ಆಟ ಕೊಳ್ಳುವ ಪ್ಲೇ ಸ್ಟೋರಿನ ಸೆಟ್ಟಿಂಗಿನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಬಹುದು, ಗೊತ್ತಿಲ್ಲದಿದ್ದರೆ ಮೊಬೈಲ್ ಅಂಗಡಿಯಲ್ಲಿ ಕೇಳಿ ಮಾಡಿಸಿಕೊಳ್ಳಿ.

ಹಾಗೆಂದು ಅರ್ಧ ಗಂಟೆ ಆಡಿದ ಮಗುವನ್ನೆಲ್ಲ ‘ಚಟ ಹತ್ತಿದೆ’ ಎಂದು ಜರಿಯುವುದೂ ಸರಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆ ಆಟದ ಗೀಳನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದು 2019ರಲ್ಲಿ. ಅದರ ಅಳತೆ ಕಟ್ಟುನಿಟ್ಟಾಗಿದೆ: ಆಟದ ಮೇಲೆ ಹಿಡಿತ ತಪ್ಪಿರಬೇಕು, ಊಟ, ನಿದ್ದೆ, ಓದು ಎಲ್ಲಕ್ಕಿಂತ ಆಟವೇ ಮೇಲಾಗಿರಬೇಕು, ಕೆಡುಕು ಕಣ್ಣಿಗೆ ಕಂಡರೂ ಬಿಡಲಾಗದಿರಬೇಕು, ಇದು ಸಾಮಾನ್ಯವಾಗಿ ಒಂದು ವರ್ಷವಾದರೂ ನಡೆದಿರಬೇಕು. ಅಂಥ ಸ್ಥಿತಿ ಕಂಡರೆ ಬೈಗುಳ, ಹೊಡೆತದಿಂದ ಪ್ರಯೋಜನವಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ 2014ರಿಂದ ಇದಕ್ಕೆಂದೇ ‘ಶಟ್’ ಎಂಬ ಕ್ಲಿನಿಕ್ ಇದೆ. ಅಷ್ಟು ದೂರ ಹೋಗಲಾಗದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಮನೆಯಿಂದಲೇ ಕರೆ ಮಾಡಿ ಕನ್ನಡದಲ್ಲಿ ಮಾತಾಡಬಹುದು, ಶುಲ್ಕವಿಲ್ಲ.

ಕಪಾಟಿನ ಹಾವು

ಹಾವಿನ ಮನೆಯಂತೂ ಹಲವು ಸಲ ಕೈ ಬದಲಾಯಿಸಿತು. ನೋಕಿಯಾದ ಫೋನ್ ವಿಭಾಗ 2014ರಲ್ಲಿ ಮೈಕ್ರೋಸಾಫ್ಟಿಗೆ ಮಾರಾಟವಾಯಿತು. ಚೆನ್ನೈ ಹತ್ತಿರದ ಶ್ರೀಪೆರಂಬುದೂರಿನ ದೊಡ್ಡ ಕಾರ್ಖಾನೆ ಅದೇ ವರ್ಷ ನವೆಂಬರಿನಲ್ಲಿ ನಿಂತುಹೋಯಿತು, ಸಾವಿರಾರು ಜನರ ಕೆಲಸ ಹೋಯಿತು, ಅವರಲ್ಲಿ ಹೆಣ್ಣುಮಕ್ಕಳೇ ಬಹಳ. ಆಮೇಲೆ ಎಚ್‌ಎಂಡಿ ಎಂಬ ಕಂಪೆನಿ ನೋಕಿಯಾ ಹೆಸರಿನಲ್ಲಿ ಫೋನ್ ಮಾಡುವ ಹಕ್ಕು ಪಡೆದು, 2017ರಲ್ಲಿ 3310 ಅನ್ನು ಹೊಸದಾಗಿ ತಂದಿತು. ಭಾರತದಲ್ಲಿ ಅದರ ಬೆಲೆಯನ್ನು ತಮಾಷೆಗೆಂಬಂತೆ 3,310 ರೂಪಾಯಿಯೇ ಇಟ್ಟರು. ಅದರಲ್ಲಿ ಹಾವಿಗೆ ಬಣ್ಣ ಬಂದಿತ್ತು. 2024ರಲ್ಲಿ 3210 ಕೂಡ ಮರಳಿ ಬಂತು, ಅದರಲ್ಲೂ ಹಾವಿದೆ. ಹೊಸ ಫೋನಿಗೆ ಗಿರಾಕಿ ಬೇಕಾದಾಗಲೆಲ್ಲ ಕಂಪೆನಿಯವರು ಮುಂದೆ ಬಿಡುವುದು ಈ ಮುದಿ ಹಾವನ್ನೇ.

ನಿಮ್ಮ ಕಪಾಟಿನ ಖಾನೆಯಲ್ಲಿ, ಹಳೆಯ ಕನ್ನಡಕ, ಗುಂಡಿಸೂಜಿಗಳ ನಡುವೆ ಆ ಟಾರ್ಚ್ ಸೆಟ್ ಇನ್ನೂ ಇದ್ದರೆ ಒಮ್ಮೆ ಹೊರತೆಗೆದು ಹಿಂಬದಿ ಬಿಚ್ಚಿ ನೋಡಿ. ಬಿಎಲ್-5ಸಿ ಬ್ಯಾಟರಿ ಉಬ್ಬಿದ್ದರೆ ಚಾರ್ಜಿಗೆ ಹಾಕಲೇಬೇಡಿ, ಮಕ್ಕಳ ಕೈಗೂ ಕೊಡಬೇಡಿ. 2007ರಲ್ಲಿ ಇದೇ ಬ್ಯಾಟರಿ ವಿಪರೀತ ಕಾಯಬಹುದೆಂದು ಕಂಪೆನಿಯೇ ಎಚ್ಚರಿಕೆ ಕೊಟ್ಟು 4 ಕೋಟಿ 60 ಲಕ್ಷ ಬ್ಯಾಟರಿಗಳನ್ನು ಬದಲಿಸಿಕೊಡಲು ಮುಂದಾದಾಗ ದೇಶವೆಲ್ಲ ಎಷ್ಟು ಗಾಬರಿಯಾಗಿತ್ತೆಂದು ನಿಮಗೆ ನೆನಪಿರಬಹುದು. ಅದೇ ಅಳತೆಯ ಬ್ಯಾಟರಿ ಸಣ್ಣ ರೇಡಿಯೋಗಳಿಗೂ ಬಳಕೆಯಾಗುವುದರಿಂದ ಹುಡುಕಿದರೆ ಸಿಗುತ್ತದೆ.

ಫೋನೇ ಬೇಡ, ಮಳೆ ಹಿಡಿದು ಕರೆಂಟು ಹೋದ ಸಂಜೆ ಮಕ್ಕಳನ್ನು ಕೂರಿಸಬೇಕು ಎನ್ನುವಿರಾದರೆ ಅದಕ್ಕೂ ದಾರಿಯಿದೆ. ಮೇಲೆ ಹೇಳಿದ 1976ರ ಆಟವನ್ನು ಕಾಗದದ ಮೇಲೆ ಆಡಿಸಿ. ಲೆಕ್ಕದ ಪುಸ್ತಕದ ಚೌಕದ ಹಾಳೆಯಲ್ಲಿ ಹದಿನೈದು ಉದ್ದ, ಹದಿನೈದು ಅಗಲಕ್ಕೆ ಗೋಡೆ ಎಳೆಯಿರಿ. ಅಕ್ಕನಿಗೆ ಒಂದು ಬಣ್ಣದ ಪೆನ್ನು, ತಮ್ಮನಿಗೆ ಇನ್ನೊಂದು. ಎದುರು ಬದುರು ಮೂಲೆಯಿಂದ ಶುರು. ಸರದಿಗೆ ಒಂದೇ ಚೌಕ, ನೇರವಾಗಿ ಇಲ್ಲವೇ ಪಕ್ಕಕ್ಕೆ, ಮೂಲೆಯಿಂದ ಮೂಲೆಗೆ ಹಾರುವಂತಿಲ್ಲ. ಗೋಡೆಗೆ, ತನ್ನ ಗೆರೆಗೆ, ಎದುರಿನವರ ಗೆರೆಗೆ ತಗುಲದೆ ಮುಂದೆ ಹೋಗಲು ಚೌಕವೇ ಸಿಗದವರು ಸೋತಂತೆ. ಒಂದು ಆಟ ಹತ್ತು ನಿಮಿಷ ಮೀರುವುದಿಲ್ಲ. ತಮ್ಮ ಚಿಕ್ಕವನಾದರೆ ಅವನಿಗೆ ಒಂದೇ ಒಂದು ಸಲ ಇಟ್ಟ ಚೌಕವನ್ನು ಅಳಿಸಿ ಬೇರೆ ಇಡುವ ಅವಕಾಶ ಕೊಡಿ.